ಅವರವರೇ ಕೂಗಬೇಕು

ನಮ್ಮಣ್ಣ ಲಿಫ್ಟ್ ರಿಪೇರಿಯವನು. ಊರಿನ ಅರ್ಧದಷ್ಟು ಲಿಫ್ಟುಗಳ ಹೊಟ್ಟೆಯೊಳಗೆ ಇಳಿದು ಬಂದವನು, ತಾನು ಮಾತ್ರ ಎಲ್ಲಿ ಹೋದರೂ ಮೆಟ್ಟಿಲು ಹತ್ತುತ್ತಾನೆ. ಯಾಕಪ್ಪಾ ಎಂದು ಕೇಳಿದರೆ "ಕಾಲಿದೆಯಲ್ಲ" ಎನ್ನುತ್ತಾನೆ. ಅಷ್ಟೇ. ಅವನ ಬಾಯಿಂದ ಇನ್ನೊಂದು ಮಾತು ಹೊರಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಗಿರುತ್ತದೆ. ನಾನು ಅದಕ್ಕೆ ತದ್ವಿರುದ್ಧ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮಾತು ನಾಲಿಗೆಯ ತುದಿಯಲ್ಲಿ. ಅಣ್ಣನ ಪಾಲಿನ ಮಾತನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ ಎಂದು ನನ್ನ ಗಂಡ ಛೇಡಿಸುತ್ತಿದ್ದರು.

ಅಪ್ಪ ಹೋದಾಗ ಅಣ್ಣ ಇನ್ನೂ ಮೀಸೆ ಬಾರದ ಹುಡುಗ, ನಾನು ಲಂಗದ ಹುಡುಗಿ. ಶಾಲೆ ಬಿಟ್ಟು ಲಿಫ್ಟ್ ಕಂಪನಿಗೆ ಸೇರಿದ. ಮೊದಮೊದಲು ಲಿಫ್ಟು ಓಡಾಡುವ ಕಬ್ಬಿಣದ ಹಳಿಗಳಿಗೆ ಎಣ್ಣೆ ಹಚ್ಚುವುದಷ್ಟೇ ಕೆಲಸ. ಮನೆಗೆ ಬಂದರೆ ಕಿವಿಯ ಹಿಂದೆಲ್ಲ ಕರಿ ಗ್ರೀಸು. ಅಮ್ಮ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಿದ್ದಳು, ಅವನು ಕಲ್ಲಿನಂತೆ ಕೂತಿರುತ್ತಿದ್ದ. ಆ ಕೆಲಸದಲ್ಲಿ ಅವನು ಕಲಿತ ಮೊದಲ ಪಾಠ ಕೂಗುವುದು. ಮಾತೇ ಆಡದವನಿಗೆ ಸಿಕ್ಕ ಕೆಲಸ ನೋಡಿ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿಫ್ಟಿನ ಕೆಳಗೆ, ನೆಲಮಟ್ಟಕ್ಕಿಂತ ಆಳದಲ್ಲಿ, ಒಂದು ಗುಂಡಿ ಇರುತ್ತದೆ. ಕಟ್ಟಡದ ನೆತ್ತಿಯ ಮೇಲೆ ಮೋಟಾರಿನ ಕೋಣೆ. ರಿಪೇರಿ ಮಾಡುವಾಗ ಒಬ್ಬ ಗುಂಡಿಗೆ ಇಳಿಯುತ್ತಾನೆ, ಇನ್ನೊಬ್ಬ ಮೇಲೆ ಮೇನ್ ಸ್ವಿಚ್ಚಿನ ಹತ್ತಿರ ನಿಲ್ಲುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣದು, ಗುಂಡಿಯಲ್ಲಿ ಮೊಬೈಲಿಗೆ ಸಿಗ್ನಲ್ಲೂ ಸಿಗದು. ಹಾಗಾಗಿ ಕರೆಂಟು ಕೊಡುವ ಮೊದಲು ಮೇಲಿನವನು "ಗುಂಡಿ?" ಎಂದು ಕೂಗುತ್ತಾನೆ. ಇಳಿದವನು ಹತ್ತಿ ಬಂದು, ಹೊರಗೆ ನೆಲದ ಮೇಲೆ ನಿಂತು, "ಗುಂಡಿ ಹೊರಗೆ" ಎಂದು ಕೂಗಬೇಕು. ಅವನೇ ಕೂಗಬೇಕು. ಅವನ ಪರವಾಗಿ ಇನ್ನೊಬ್ಬ ಕೂಗುವ ಹಾಗಿಲ್ಲ, ಪಕ್ಕದಲ್ಲೇ ನಿಂತಿದ್ದರೂ ಸರಿ. ಅಣ್ಣನ ಗುಂಪಿನಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ.

ಆ ಕಾನೂನು ನಮ್ಮ ಮನೆಗೂ ಬಂತು. ಮಲಗುವಾಗ ಬಾಗಿಲ ಚಿಲಕ ಹಾಕುವ ಮೊದಲು ಅಣ್ಣ ಕೇಳುತ್ತಿದ್ದ, "ಎಲ್ಲಾ ಒಳಗಿದೀರಾ?" ಅಮ್ಮ ಒಮ್ಮೆ ಹೂಂ ಅನ್ನಬೇಕು, ನಾನೊಮ್ಮೆ ಹೂಂ ಅನ್ನಬೇಕು. "ಅವಳು ಮಲಗಿದಾಳೆ ಕಣೋ, ಹಾಕು" ಎಂದು ಅಮ್ಮ ಹೇಳಿದರೆ ಜಪ್ಪಯ್ಯ ಅಂದರೂ ಹಾಕುತ್ತಿರಲಿಲ್ಲ. ನನ್ನನ್ನು ನಿದ್ದೆಯಿಂದ ಎಬ್ಬಿಸಿ ಹೂಂ ಅನ್ನಿಸಿಕೊಂಡು ಹೋಗುತ್ತಿದ್ದ. ನಾನು ದಿಂಬು ಎಸೆದು ಬೈದದ್ದಿದೆ.

ನನ್ನ ಗಂಡನನ್ನು ಹುಡುಕಿ ತಂದದ್ದೂ ಅವನೇ. ದೂರ ಎಲ್ಲೂ ಹುಡುಕಲಿಲ್ಲ, ತನ್ನ ಗುಂಪಿನಿಂದಲೇ ತಂದ. "ಕೈ ನಿಧಾನ, ಬಾಯಿ ಜಾಸ್ತಿ, ಸುಳ್ಳು ಹೇಳಲ್ಲ" ಎಂದ. ಅಣ್ಣ ಒಬ್ಬರ ಬಗ್ಗೆ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ, ಅದಕ್ಕೇ ಒಪ್ಪಿಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ಭಾವ, ಭಾವ ಎಂದೇ ಕರೆಯುತ್ತಿದ್ದರು. ಒಂದೇ ಬೈಕಿನಲ್ಲಿ ಕೆಲಸಕ್ಕೆ ಹೋಗಿ ಒಂದೇ ಬೈಕಿನಲ್ಲಿ ಬರುತ್ತಿದ್ದರು. ಅವರ ಜೊತೆ ಮೂರನೆಯವನು ಮರಿಯಾನೆ. ಆಳು ಬಾಗಿಲ ತುಂಬ ಇದ್ದುದರಿಂದ ಆ ಹೆಸರು. ಗುಂಡಿಗೆ ಇಳಿದರೆ ಹತ್ತಿಸುವುದು ಕಷ್ಟ ಎಂದು ಅವನನ್ನು ಯಾವಾಗಲೂ ಮೇಲೆ, ಮೋಟಾರು ಕೋಣೆಯಲ್ಲೇ ನಿಲ್ಲಿಸುತ್ತಿದ್ದರು.

ನನ್ನ ಗಂಡ ಸತ್ತದ್ದು ಗುಂಡಿಯಲ್ಲಿ. ಮಟಮಟ ಮಧ್ಯಾಹ್ನ. ಕೆಲಸ ಮುಗಿದಿತ್ತು, ಮೇಲಿನಿಂದ ಮರಿಯಾನೆ "ಗುಂಡಿ?" ಎಂದು ಕೂಗಿದ, ಕೆಳಗಿನಿಂದ "ಗುಂಡಿ ಹೊರಗೆ" ಎಂದು ಕೂಗು ಬಂತು, ಮರಿಯಾನೆ ಕರೆಂಟು ಕೊಟ್ಟ, ಲಿಫ್ಟು ಕೆಳಗಿಳಿಯಿತು. ನನ್ನ ಗಂಡ ಹೊರಗಿರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಮರಿಯಾನೆ ಅಳುತ್ತಲೇ ಹೇಳಿದ, "ಕೂಗು ಕೇಳಿಸ್ತು ಸರ್, ಆಣೆ ಮಾಡಿ ಹೇಳ್ತೀನಿ, ಕೂಗು ಕೇಳಿಸ್ತು." ಅಣ್ಣ ನೆಲಮಹಡಿಯ ಬಾಗಿಲ ಹತ್ತಿರ ನಿಂತಿದ್ದವನು. ಅವನನ್ನು ಕೇಳಿದಾಗ "ಹೌದು, ಕೂಗು ಬಂತು" ಎಂದಷ್ಟೇ ಅಂದ. ಕೊನೆಗೆ ತೀರ್ಮಾನವಾಯಿತು: ಕೆಲಸಗಾರ ಗುಂಡಿಯೊಳಗಿದ್ದುಕೊಂಡೇ ಹೊರಗಿದ್ದೇನೆಂದು ಕೂಗಿದ್ದಾನೆ, ತಪ್ಪು ಅವನದೇ.

ನಾನು ಅಳಲಿಲ್ಲ. ಜನ ಗರ ಬಡಿದವಳ ಹಾಗೆ ಕೂತಿದ್ದಾಳೆ, ಅಳಿಸಿ ಅಳಿಸಿ ಎಂದರು. ನನಗೆ ಅಳುವಲ್ಲ, ಸಿಟ್ಟು ಬಂದಿತ್ತು. ಸುಳ್ಳು ಹೇಳದ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ, ಅದನ್ನು ಇಲ್ಲಿ ಹೇಳಿದ. ಯಾಕೆ ಹೇಳಿದ? ಊಟಕ್ಕೆ ಹೊತ್ತಾಯಿತು ಎಂದೋ, ಇನ್ನೇನು ಹತ್ತುತ್ತೇನಲ್ಲ ಎಂಬ ಉಡಾಫೆಯೋ? ಹೆಂಡತಿ, ಮಗಳು ಇದ್ದಾರೆ ಎಂಬುದು ಆ ಹೊತ್ತಿನಲ್ಲಿ ತಲೆಯಲ್ಲಿ ಇರಲಿಲ್ಲವೇ? ಇದೊಂದೇ ಪ್ರಶ್ನೆ ಹಿಡಿದುಕೊಂಡು ನಾನು ಬದುಕಿದೆ. ಉತ್ತರ ಹೇಳಬೇಕಾದವರು ಇಲ್ಲ. ಹಾಗಾಗಿ ದಿನಾ ಬೈಯುತ್ತಿದ್ದೆ. ಪಾತ್ರೆ ತೊಳೆಯುತ್ತ ಬೈಯುತ್ತಿದ್ದೆ, ಬಸ್ಸಿಗೆ ಕಾಯುತ್ತ ಬಾಯೊಳಗೇ ಬೈಯುತ್ತಿದ್ದೆ. ಮಗಳು ಪುಸ್ತಕ ಮರೆತು ಹೋದರೆ, ಗ್ಯಾಸ್ ಆರಿಸದೆ ಬಂದರೆ, "ಅಪ್ಪನ ಥರಾನೇ ನೀನೂ, ಎಲ್ಲಾ ಅಸಡ್ಡೆ" ಎನ್ನುತ್ತಿದ್ದೆ. "ಅಪ್ಪ ಹಂಗಲ್ಲ" ಎಂದು ಅವಳು ಒಂದೇ ಮಾತು ಹೇಳಿ ಮುಖ ಊದಿಸಿಕೊಂಡು ಎದ್ದುಹೋಗುತ್ತಿದ್ದಳು.

ನನಗೆ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ಕಾದ ರೋಲರ್ ಮಷೀನಿಗೆ ಒದ್ದೆ ಬೆಡ್‌ಶೀಟು ಕೊಡುವುದು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬಳ ಕೈಯಲ್ಲಿ. ವರ್ಷಗಟ್ಟಲೆ ಮಾಡಿ ಬೆರಳ ತುದಿಗೆ ಬಿಸಿ ತಾಗುವುದೇ ನಿಂತುಹೋಗಿದೆ. ಗಂಡ ಹೋದಮೇಲೆ ಮಿಕ್ಕಿದ್ದೂ ಹಾಗೇ ಆಯಿತು. ಉಪ್ಪು ಹೆಚ್ಚಾದರೂ ಗೊತ್ತಾಗದು, ಮಗಳು ಒಳ್ಳೆ ಅಂಕ ತಂದರೂ ಖುಷಿಯಾಗದು. ಸಿಟ್ಟೊಂದು ಮಾತ್ರ ಇತ್ತು. ಅದಿಲ್ಲದಿದ್ದರೆ ನಾನು ಎದ್ದು ಕೆಲಸಕ್ಕೂ ಹೋಗುತ್ತಿರಲಿಲ್ಲವೇನೋ.

ಅಣ್ಣ ಲಿಫ್ಟು ಬಿಟ್ಟ. ತಾನಾಗೇ ಕೇಳಿಕೊಂಡು ಕಂಪನಿಯ ಬಿಡಿಭಾಗಗಳ ಉಗ್ರಾಣಕ್ಕೆ ಹೋಗಿ ಕೂತ. ನಟ್ಟು, ಬೋಲ್ಟು, ರಬ್ಬರು ಬೇರೆಬೇರೆ ಡಬ್ಬಿಗೆ ಹಾಕುವುದು, ಕೇಳಿದವರಿಗೆ ಕೊಡುವುದು. ಕೈ ಕಟ್ಟಿ ಕೂರಿಸಿದ ಹಾಗಾಯಿತಲ್ಲೋ ಎಂದು ನಾನು ರೇಗಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾನೆ. ತರಕಾರಿ ತರುತ್ತಾನೆ, ನಲ್ಲಿಯ ವಾಷರ್ ಹಾಕುತ್ತಾನೆ, ಮಗಳ ಸೈಕಲ್ಲಿಗೆ ಗಾಳಿ ಹೊಡೆಯುತ್ತಾನೆ. ಊಟಕ್ಕೆ ಕೂರು ಎಂದರೆ ಕೂರುತ್ತಾನೆ, ಬಡಿಸಿದ್ದನ್ನು ತಿನ್ನುತ್ತಾನೆ, ರುಚಿ ಹೇಗಿದೆ ಎಂದರೆ ಯೋಚಿಸಿ "ಪರವಾಗಿಲ್ಲ" ಎನ್ನುತ್ತಾನೆ. ನಾನು ಗಂಡನನ್ನು ಬೈಯಲು ಶುರುಮಾಡಿದರೆ ತಟ್ಟೆ ನೋಡುತ್ತ ಕೂತಿರುತ್ತಾನೆ. ಪಾಪ, ಸ್ನೇಹಿತನನ್ನು ಕಳೆದುಕೊಂಡ ಸಂಕಟ ಎಂದು ನಾನೇ ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಕಂಪನಿಯವರು ಕೆಲಸಗಾರರ ಕುಟುಂಬಗಳನ್ನೆಲ್ಲ ಒಂದು ಆಟಕ್ಕೆ ಕರೆದರು. ಹಳೇ ಗೋದಾಮಿನೊಳಗೆ ಮುಳುಗುವ ಹಡಗಿನ ಹಾಗೆ ಕೋಣೆಗಳನ್ನು ಕಟ್ಟಿದ್ದಾರಂತೆ, ನಾಲ್ಕು ಜನರ ಗುಂಪು ಒಳಗೆ ಹೋಗಬೇಕಂತೆ, ಹತ್ತಿ, ತೆವಳಿ, ಭಾರ ಎಳೆದು, ಗುಟ್ಟು ಬಿಡಿಸಿ, ಒಂದೊಂದೇ ಕೋಣೆಯಿಂದ ಪಾರಾಗಿ ಹೊರಗೆ ಬರಬೇಕಂತೆ. ಹೇಳಿದ್ದು ಮರಿಯಾನೆ. ಅವನ ಹೆಂಡತಿಗೆ ಮಂಡಿನೋವು, ಬರುವುದಿಲ್ಲ ಎಂದಳಂತೆ.

"ನೀವು ಮೂವರು, ನಾನೊಬ್ಬ. ಲೆಕ್ಕ ಸರಿಹೋಯ್ತು" ಎಂದ.

"ಕೂಲಿ ಮಾಡೋದು ಸಾಲ್ದು ಅಂತ ರಜಾದಿನಾನೂ ಭಾರ ಎಳೀಬೇಕಾ" ಎಂದೆ.

ಮಗಳು "ಮಾವ, ಪ್ಲೀಸ್" ಎಂದು ಅಣ್ಣನ ಮುಖ ನೋಡಿದಳು. ಅವಳು ಏನನ್ನಾದರೂ ಬಾಯಿಬಿಟ್ಟು ಕೇಳಿ ಎಷ್ಟೋ ಕಾಲವಾಗಿತ್ತು. ಅಣ್ಣ "ಹೋಗೋಣ" ಎಂದ. ಅವನು ಹೋಗೋಣ ಎಂದಮೇಲೆ ನನ್ನ ಮಾತಿಗೆ ಸೊಪ್ಪು ಹಾಕುವವರು ಯಾರು.

ಗೋದಾಮಿನ ಬಾಗಿಲಲ್ಲಿ ಆಟ ನಡೆಸುವ ಹುಡುಗಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಮಂಡಿಗೆ ಪಟ್ಟಿ, ಕೈಗೆ ಹಳದಿ ಗ್ಲೌಸು ಕೊಟ್ಟಳು. ಮರಿಯಾನೆಯ ಮಂಡಿಗೆ ಯಾವ ಪಟ್ಟಿಯೂ ಸುತ್ತು ಬರಲಿಲ್ಲ. "ನಂದು ಹಡಗಿನ ಜೊತೆಗೇ ಮುಳುಗೋ ಪಾರ್ಟು ಬಿಡಮ್ಮ" ಎಂದ. ಹುಡುಗಿ ನಗುತ್ತಲೇ ನಿಯಮ ಹೇಳಿದಳು. ಗೋಡೆಯ ಮೇಲೆ ಕೆಂಪು ಬೆಳಕಿನ ಗೆರೆ ಏರುತ್ತ ಹೋಗುತ್ತದೆ, ಅದೇ ನೀರು. ಗೆರೆ ಮೇಲೆ ಮುಟ್ಟುವುದರೊಳಗೆ ಆ ಕೋಣೆ ದಾಟಿ, ಹಿಂದಿನ ಬಾಗಿಲನ್ನು ಚಕ್ರ ತಿರುಗಿಸಿ ಮುಚ್ಚಬೇಕು. ಯಾರಾದರೂ ಹಿಂದೆ ಉಳಿದುಕೊಂಡರೆ ಅವರು ಮುಳುಗಿದರು ಎಂದರ್ಥ, ಅವರನ್ನು ಪಕ್ಕದ ದಾರಿಯಿಂದ ಹೊರಗೆ ಕರೆದುಕೊಳ್ಳುತ್ತಾರೆ, ಮಿಕ್ಕವರು ಆಟ ಮುಂದುವರಿಸಬಹುದು. ಬಾಗಿಲ ಅಂಚಿಗೆಲ್ಲ ಮೆತ್ತನೆ ರಬ್ಬರಿದೆ, ಯಾರಿಗೂ ಏನೂ ಆಗುವುದಿಲ್ಲ.

ಅಣ್ಣ ಹೋಗಿ ಆ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ ಬಂದ.

ಮೊದಲ ಕೋಣೆ ಹಡಗಿನ ಎಂಜಿನ್ನು. ಪೀಪಾಯಿಗಳನ್ನು ಉರುಳಿಸಿಕೊಂಡು ಹೋಗಿ ತೂಕದ ಹಲಗೆಯ ಮೇಲೆ ನಿಲ್ಲಿಸಬೇಕು, ಆಗ ಒಂದು ಯಂತ್ರದ ಬಾಯಿ ತೆರೆಯುತ್ತದೆ, ಅದರೊಳಗೆ ಕೈ ಹಾಕಿ ಹಿಡಿ ಎಳೆಯಬೇಕು. ಪೀಪಾಯಿ ಉರುಳಿಸಿದ್ದಾಯಿತು, ಬಾಯಿಯೂ ತೆರೆಯಿತು. ಕೈ ಹಾಕುವ ಸರದಿ ಅಣ್ಣನದು. ನೋಡುತ್ತೇವೆ, ಮನುಷ್ಯ ಇಲ್ಲ. ಮೂಲೆಯಲ್ಲಿ, ಬಣ್ಣ ಬಳಿದ ಹಲಗೆಯ ಹಿಂದೆ ನಿಜವಾದ ಕರೆಂಟಿನ ಪೆಟ್ಟಿಗೆ ಇತ್ತು, ಅದನ್ನು ಹುಡುಕಿ ಮೇನ್ ಸ್ವಿಚ್ಚನ್ನೇ ಆಫ್ ಮಾಡಿಬಿಟ್ಟ. ದೀಪ, ಹೊಗೆ, ಅಲೆಯ ಸದ್ದು ಎಲ್ಲ ಒಟ್ಟಿಗೇ ಸತ್ತವು. ಕತ್ತಲಲ್ಲಿ ಹುಡುಗಿ ಟಾರ್ಚು ಹಿಡಿದು ಓಡಿಬಂದಳು.

"ಸರ್, ಏನ್ ಮಾಡಿದ್ರಿ?"

"ಕೈ ಹಾಕ್ಬೇಕಿತ್ತಲ್ಲ" ಎಂದ ಅಣ್ಣ.

ಅವಳಿಗೆ ಅರ್ಥವಾಗಲಿಲ್ಲ. ಮರಿಯಾನೆ ಪೀಪಾಯಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮೋರು ಯಾರೇ ಬಂದಿದ್ರೂ ಇದೇ ಮಾಡೋರು ಕಣಮ್ಮ. ಕರೆಂಟು ತೆಗೀದೆ ಮಷೀನಿಗೆ ಕೈ ಹಾಕಲ್ಲ ನಾವು" ಎಂದ. ಮಗಳೂ ನಕ್ಕಳು. ಅವಳ ನಗು ಕೇಳಿ ಖುಷಿಯಾಗಬೇಕಿತ್ತು. ನಗುತ್ತಿದ್ದಾಳೆ ಎಂದು ಗೊತ್ತಾಯಿತು, ಅಷ್ಟೇ. ಹುಡುಗಿ ಆಟವನ್ನು ಮತ್ತೆ ಶುರುಮಾಡಿ, ಅಣ್ಣನಿಗೆ ಇನ್ನೇನನ್ನೂ ಆರಿಸಬಾರದೆಂದು ಕೈಮುಗಿದು ಹೇಳಿಹೋದಳು.

ಎರಡನೇ ಕೋಣೆಯಲ್ಲಿ ಹಗ್ಗದ ಬಲೆ ಹತ್ತಿ ಆಚೆ ಇಳಿಯಬೇಕು. ಮರಿಯಾನೆ ಅರ್ಧದಲ್ಲಿ ಸಿಕ್ಕಿಕೊಂಡು ನೇತಾಡಿದ, ಮಗಳು ಕೆಳಗಿನಿಂದ ತಲೆ ಕೊಟ್ಟು ತಳ್ಳಿದಳು, ಅಣ್ಣ ಮೇಲಿನಿಂದ ಬೆಲ್ಟು ಹಿಡಿದು ಎಳೆದ. ಉಗ್ರಾಣದಲ್ಲಿ ಕೂತು ಕೂತು ಬಾಗಿದ್ದ ಅವನ ಬೆನ್ನು ಆ ಹಗ್ಗದ ಮೇಲೆ ನೆಟ್ಟಗಾಗಿತ್ತು. ಕಾಲು ಎಲ್ಲಿಡಬೇಕೆಂದು ಅವನು ನೋಡುತ್ತಲೇ ಇರಲಿಲ್ಲ, ಕಾಲಿಗೇ ಗೊತ್ತಿತ್ತು. ನಾನೂ ಹತ್ತಿದೆ. ಹೋಟೆಲಿನ ಒದ್ದೆ ಬಟ್ಟೆ ಎತ್ತಿದವಳಿಗೆ ಹಗ್ಗ ಯಾವ ಲೆಕ್ಕ. ಮೊಣಕೈ ಸುಲಿದದ್ದು ಆಮೇಲೆ ರಕ್ತ ನೋಡಿ ತಿಳಿಯಿತು.

ಮೂರನೆಯದು ಕೊಳವೆ. ಹೊಗೆ ತುಂಬಿದ ಕೋಣೆ, ನಡುವೆ ತೆವಳಿಕೊಂಡು ಹೋಗಬೇಕಾದ ಉದ್ದನೆಯ ಕೊಳವೆ, ಅದರ ಬಾಯಿಂದ ಹೊರಬಿದ್ದರೆ ಪಕ್ಕದಲ್ಲೇ ಬಾಗಿಲು. ಕೊಳವೆಯೊಳಗೆ ಎಲ್ಲೋ ಒಂದು ಹಿತ್ತಾಳೆಯ ಬಿಲ್ಲೆ ಅಂಟಿಸಿದ್ದಾರೆ, ಅದು ಸಿಕ್ಕರೆ ಕೊನೆಯ ಕೋಣೆ ಸುಲಭ, ಸಿಗದಿದ್ದರೂ ನಡೆಯುತ್ತದೆ. ಅಣ್ಣ ಮೊದಲು ತೆವಳಿ ಬಾಗಿಲಾಚೆ ಹೋಗಿ ಚಕ್ರ ಹಿಡಿದು ನಿಂತ. ಅಲ್ಲಿಂದ ಅವನಿಗೆ ಕೊಳವೆ ಕಾಣದು, ನಡುವೆ ಒಂದು ಅಡ್ಡಗೋಡೆ. ಅವನ ಹಿಂದೆ ಮರಿಯಾನೆ, ಉಸಿರು ಕಟ್ಟಿ, ಪುಸ್ ಪುಸ್ ಎನ್ನುತ್ತ ಹೊರಬಿದ್ದು ಬಾಗಿಲು ದಾಟಿದ. ಆಮೇಲೆ ನಾನು. ಕೊಳವೆಯಿಂದ ಎದ್ದು ತಿರುಗಿ ನೋಡಿದೆ. ಹೊಗೆಯಲ್ಲಿ ಮಗಳ ಹಳದಿ ಗ್ಲೌಸು ಕೊಳವೆಯ ಅಂಚು ಹಿಡಿದದ್ದು ಕಾಣಿಸಿತು. ಸರಿ, ಬಂದಳು ಎಂದುಕೊಂಡು ಬಾಗಿಲು ದಾಟಿದೆ. ಕೆಂಪು ಗೆರೆ ಗೋಡೆಯ ಮೇಲ್ತುದಿಯಿಂದ ಒಂದು ಗೇಣು ಕೆಳಗಿತ್ತು.

ಅಣ್ಣ ಕೇಳಿದ, "ಎಲ್ಲಾ ಹೊರಗೆ ಬಂದ್ರಾ?"

"ಆನೆ ಹೊರಗೆ" ಎಂದ ಮರಿಯಾನೆ, ನೆಲದ ಮೇಲೆ ಮಲಗಿಕೊಂಡೇ.

"ನಾನು ಬಂದೆ" ಎಂದೆ.

ಅಣ್ಣ ಕಾದ. ಗೆರೆ ಏರುತ್ತಿತ್ತು. ಮೈಕಿನಲ್ಲಿ ಹುಡುಗಿ ಬೇಗ, ಬೇಗ ಎನ್ನುತ್ತಿದ್ದಳು.

"ಪುಟ್ಟಿ?" ಎಂದ.

"ಬಂದ್ಲು ಕಣೋ, ನಾನೇ ನೋಡ್ದೆ, ತಿರುಗಿಸು" ಎಂದೆ.

ಅವನು ತಿರುಗಿಸಲಿಲ್ಲ. "ಪುಟ್ಟೀ" ಎಂದು ಜೋರಾಗಿ ಕೂಗಿದ. ಅಣ್ಣನ ಕೂಗನ್ನು ನಾನು ಕೇಳಿದ್ದು ಬಹುಶಃ ಅದೇ ಮೊದಲು. ಗೋದಾಮಿನ ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಆ ಕಡೆಯಿಂದ ಉತ್ತರವಿಲ್ಲ.

"ಅಯ್ಯೋ, ಬಂದ್ಲು ಅಂತಿದೀನಲ್ಲ, ಕಿವಿ ಕೇಳಲ್ವಾ ನಿಂಗೆ" ಎಂದು ನಾನು ಚಕ್ರಕ್ಕೆ ಕೈ ಹಾಕಿದೆ. ಅವನು ನನ್ನ ಕೈಯನ್ನು ಕಿತ್ತುಹಾಕಿದ. ಮೆತ್ತಗಲ್ಲ, ನೋವಾಗುವ ಹಾಗೆ. ಹುಟ್ಟಿದಾರಭ್ಯ ನನ್ನ ಮೈಮೇಲೆ ಕೈ ಮಾಡದವನು.

"ಅವಳೇ ಹೇಳ್ಲಿ" ಎಂದ.

ಮರಿಯಾನೆ ಎದ್ದು ಕೂತ. ಅವನ ನಗು ಹೋಗಿತ್ತು. ಗೆರೆ ಮೇಲೆ ಮುಟ್ಟಿತು, ಭೋಂ ಎಂದು ಹಡಗಿನ ಸಿಳ್ಳು ಊದಿತು, ದೀಪಗಳೆಲ್ಲ ಹತ್ತಿದವು. ಆಟ ಮುಗಿಯಿತು. ಆಗ ಅಡ್ಡಗೋಡೆಯ ಹಿಂದಿನಿಂದ ಮಗಳು ಬಂದಳು, ಮೈಯೆಲ್ಲ ಧೂಳು, ಕೈಯಲ್ಲಿ ಹಿತ್ತಾಳೆಯ ಬಿಲ್ಲೆ.

"ಸಿಕ್ತು" ಎಂದವಳು ದೀಪ ನೋಡಿ ನಿಂತಳು. "ಮುಗಿದೋಯ್ತಾ? ಯಾಕೆ ಮುಚ್ಚಲಿಲ್ಲ ಮಾವ? ಇದಕ್ಕೋಸ್ಕರ ವಾಪಸ್ ಹೋಗಿದ್ದೆ. ನಾನು ಸತ್ತಿದ್ರೂ ನೀವು ಮೂರು ಜನ ಗೆಲ್ತಿದ್ರಿ."

ಅಣ್ಣನ ಕೈ ಇನ್ನೂ ಚಕ್ರದ ಮೇಲಿತ್ತು. ಮರಿಯಾನೆಯೇ ಒಂದೊಂದು ಬೆರಳಾಗಿ ಬಿಡಿಸಿದ. ಆಮೇಲೆ ಮಗಳ ಹೆಗಲು ಹಿಡಿದು, "ಬಾ, ತಣ್ಣಗೆ ಏನಾದ್ರೂ ಕುಡಿಯೋಣ, ಸೋತೋರಿಗೇ ಬಾಯಾರಿಕೆ ಜಾಸ್ತಿ" ಎನ್ನುತ್ತ ಕೌಂಟರಿನ ಕಡೆ ಕರೆದುಕೊಂಡು ಹೋದ.

ನಾವಿಬ್ಬರೂ ಮೊದಲಿನ ಬೆಂಚಿಗೆ ಬಂದು ಕೂತೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಗಳು ಒಂದು ಆಸೆಪಟ್ಟಿದ್ದಳು, ಅದೂ ಹಾಳಾಯಿತು. ಬಾಯಿಗೆ ಬಂದದ್ದನ್ನು ಆಡಿದೆ.

"ಆಟ ಕಣೋ ಅದು. ರಬ್ಬರ್ ಬಾಗಿಲು. ನಿನ್ನ ಕಾನೂನು ಇಲ್ಲೂ ಬೇಕಿತ್ತಾ? ಅವರವರೇ ಕೂಗಬೇಕಂತೆ. ಕೂಗಿ ಏನುದ್ಧಾರ ಆಯ್ತು? ನಿನ್ನ ಭಾವನೂ ಅವರೇ ಕೂಗಿದ್ರಲ್ಲ. ಒಳಗಿದ್ಕೊಂಡು ಹೊರಗಿದೀನಿ ಅಂತ ಕೂಗಿದ್ರು. ಸುಳ್ಳು ಕೂಗಿ ಸತ್ರು."

"ಭಾವ ಕೂಗ್ಲಿಲ್ಲ" ಎಂದ ಅಣ್ಣ.

ಅವನು ನೆಲ ನೋಡುತ್ತಿದ್ದ. ನಾನು ಸರಿಯಾಗಿ ಕೇಳಿಸಿಕೊಂಡೆ. ಆದರೂ ಏನು ಎಂದೆ.

"ಕೂಗಿದ್ದು ನಾನು."

ಅವನೇ ಮುಂದುವರಿಸಿದ, ಒಂದೊಂದೇ ಮಾತು, ಉಗ್ರಾಣದಲ್ಲಿ ಸಾಮಾನು ಎತ್ತಿಕೊಡುವವನ ಹಾಗೆ. ಅಂದು ಆ ಕಟ್ಟಡದ ಜನ ಲಿಫ್ಟು ಯಾವಾಗ ಸರಿಹೋಗುತ್ತದೆ ಎಂದು ಬಾಗಿಲಲ್ಲಿ ಗಲಾಟೆ ಮಾಡುತ್ತಿದ್ದರಂತೆ. ನನ್ನ ಗಂಡ ಗುಂಡಿಯ ಗೋಡೆಯಲ್ಲಿ ಲಿಫ್ಟನ್ನು ತಡೆದು ಹಿಡಿಯುವ ಸ್ವಿಚ್ಚನ್ನು ಬಿಡಿಸಿ, ಏಣಿಗೆ ಕಾಲಿಟ್ಟದ್ದನ್ನು ಅಣ್ಣ ಬಾಗಿಲಿನಿಂದ ನೋಡಿದನಂತೆ. ಅಷ್ಟರಲ್ಲಿ ಮೇಲಿನಿಂದ ಮರಿಯಾನೆ ಕೂಗಿದ. ಏಣಿ ಹತ್ತುತ್ತಿದ್ದಾನಲ್ಲ, ಇನ್ನೇನು ಬಂದ ಎಂದು ಅಣ್ಣ "ಗುಂಡಿ ಹೊರಗೆ" ಎಂದು ಕೂಗಿಬಿಟ್ಟು, ಜನರಿಗೆ ಸಮಾಧಾನ ಹೇಳಲು ಮುಖ ತಿರುಗಿಸಿದ.

"ತಿರುಗಿ ನೋಡೋಷ್ಟರಲ್ಲಿ ಭಾವ ಮತ್ತೆ ಇಳಿದಿದ್ರು. ಟಾರ್ಚು ಬಿಟ್ಟಿದ್ರು ಅನ್ಸುತ್ತೆ. ಲಿಫ್ಟು ಓಡಾಡೋ ಆ ಬಾವಿಯೊಳಗೆ ಯಾರು ಕೂಗಿದ್ರೂ ಒಂದೇ ಥರ ಕೇಳ್ಸುತ್ತೆ. ಆನೆಗೆ ಗೊತ್ತಾಗ್ಲಿಲ್ಲ."

"ಮರಿಯಾನೆಗೆ ಈಗ ಗೊತ್ತಾ?"

"ಇಲ್ಲ. ಯಾರಿಗೂ ಗೊತ್ತಿಲ್ಲ."

"ವಿಚಾರಣೇಲಿ ಕೂಗು ಬಂತು ಅಂದೆ."

"ಬಂತು ಅಂತ ಅಂದೆ. ಯಾರದು ಅಂತ ಅವರು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಎದುರಿನ ಗೋಡೆಯ ಮೇಲೆ ಇನ್ನೊಂದು ಗುಂಪಿನ ಫೋಟೋ ಇತ್ತು, ಎಲ್ಲರೂ ಬೆರಳೆತ್ತಿ ನಗುತ್ತಿದ್ದರು. ನಾನು ಅದನ್ನೇ ನೋಡುತ್ತ ಕೂತೆ. ಬೈಯಬೇಕು ಎನ್ನಿಸಿತು, ಬೈಗುಳ ಸಿಗಲಿಲ್ಲ. ಇಷ್ಟು ಭಾನುವಾರ ನನ್ನ ಕೈಯ ಅನ್ನ ತಿಂದುಕೊಂಡು, ನಾನು ಗಂಡನಿಗೆ ಹಿಡಿಶಾಪ ಹಾಕುವುದನ್ನು ಕೇಳುತ್ತ ಕೂತಿದ್ದ. ಹೊಡೆಯಬಹುದಿತ್ತು. ಆದರೆ ಈಗ ತಾನೇ ಅಲ್ಲಿ ಹೊಗೆಯಲ್ಲಿ ಒಂದು ಗ್ಲೌಸು ನೋಡಿ, ಬಂದ್ಲು, ನಾನೇ ನೋಡ್ದೆ ಎಂದು ಹೇಳಿದವಳು ನಾನು. ಒಂದು ಚೂರೂ ಅನುಮಾನ ಇರಲಿಲ್ಲ ನನಗೆ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಪ್ರತಿ ವಾರ ಹೇಳೋಣ ಅಂತಾನೇ ಬರ್ತಿದ್ದೆ" ಎಂದ. "ನೀನು ಬಡಿಸ್ತಿದ್ದೆ."

ಅವನ ದನಿಯಲ್ಲಿ ಅಳುವಿರಲಿಲ್ಲ. ಕಣ್ಣೂ ಒಣಗಿಯೇ ಇತ್ತು. ಅವನಿಗೂ ಉಪ್ಪುಖಾರ ತಾಗುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ನಾನು ಅವನಿಗಾಗಿ ಮರುಗಲಿಲ್ಲ. ಮರುಗುವಷ್ಟು ದೊಡ್ಡವಳಲ್ಲ ನಾನು.

"ಹೋಗಿ ಪುಟ್ಟಿಗೆ ಹೇಳು" ಎಂದೆ.

ಅವನು ತಲೆಯೆತ್ತಿದ. "ನೀನೇ ಹೇಳಿದ್ರೆ..."

"ನಾನು ಹೇಳಲ್ಲ. ನೀನೇ ಹೇಳು. ಈಗ್ಲೇ."

ಎದ್ದು ಹೋದ. ಕೌಂಟರಿಗೂ ನಮಗೂ ನಡುವೆ ಗಾಜಿನ ಬಾಗಿಲು, ಮಾತು ಕೇಳಿಸದು. ಮಗಳು ಬಾಟಲಿಗೆ ಸ್ಟ್ರಾ ಹಾಕಿಕೊಂಡು ಕುಡಿಯುತ್ತಿದ್ದಳು. ಅಣ್ಣ ಅವಳ ಮುಂದೆ ಶಾಲೆಯ ಹುಡುಗನಂತೆ ಕೈ ಇಳಿಬಿಟ್ಟು ನಿಂತು ಮಾತಾಡಿದ. ಅವನ ತುಟಿ ಅಷ್ಟು ಹೊತ್ತು ಅಲ್ಲಾಡಿದ್ದು ನಾನು ಕಂಡಿಲ್ಲ. ಮೊದಲು ಮರಿಯಾನೆ ಗೋಡೆಗೆ ಒರಗಿಕೊಂಡ, ಹಾಗೇ ಜಾರಿ ನೆಲಕ್ಕೆ ಕೂತ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಮಗಳು ಬಾಟಲಿಯನ್ನು ಕೌಂಟರಿನ ಮೇಲಿಟ್ಟಳು. ಅಣ್ಣನನ್ನು ಏನೋ ಒಂದು ಕೇಳಿದಳು, ಅವನು ಹೌದೆಂದು ತಲೆಯಾಡಿಸಿದ. ಅವಳು ಅವನ ಪಕ್ಕದಿಂದ ಹಾದು, ಅವನಿಗೆ ತಾಗದಂತೆ, ನನ್ನ ಕಡೆ ನಡೆದುಬಂದಳು.

ಬಂದು ನನ್ನ ಮುಂದೆ ನಿಂತಳು. ಅವಳ ಮುಖ ಅವಳಪ್ಪನ ಮುಖ, ಆ ಅಗಲ ಹಣೆ, ಆ ಮೊಂಡ ಗಲ್ಲ. ಅದನ್ನು ನೋಡುವುದನ್ನೇ ನಾನು ಬಿಟ್ಟಿದ್ದೆ.

"ಅಮ್ಮ, ಅಪ್ಪ ಸುಳ್ಳು ಹೇಳಿರಲಿಲ್ಲ" ಎಂದಳು.

"ಹೂಂ" ಎಂದೆ.

"ದಿನಾ ಬೈದೆಯಲ್ಲ ನೀನು. ದಿನಾ ಬೈದೆ ಅಪ್ಪಂಗೆ."

"ಹೂಂ ಕಣೆ. ಬೈದೆ."

ನನ್ನ ಮಂಡಿಯ ಪಟ್ಟಿ ಬಿಚ್ಚಲು ನಾನು ಆಗಿನಿಂದಲೂ ಒದ್ದಾಡುತ್ತಿದ್ದೆ, ಅದರ ಕೊಂಡಿ ನನ್ನ ಬೆರಳಿಗೆ ತಿಳಿಯುತ್ತಲೇ ಇರಲಿಲ್ಲ. ಅವಳು ಕೆಳಗೆ ಕೂತು, ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ತಾನೇ ಬಿಚ್ಚತೊಡಗಿದಳು. ಅವಳ ನೆತ್ತಿ ನೋಡುತ್ತಿದ್ದ ಹಾಗೆ ನನಗೆ ಅಳು ಬಂತು. ಗಂಡ ಸತ್ತಾಗ ಬಾರದ ಅಳು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ಇನ್ನೊಂದು ಆಟಕ್ಕೆ ಬಂದ ಜನ ಪಟ್ಟಿ ಕಟ್ಟಿಕೊಳ್ಳುವುದನ್ನು ನಿಲ್ಲಿಸಿ ನೋಡಿದರು. ನೋಡಲಿ ಬಿಡಿ. ನನ್ನವರು ಸತ್ತಿದ್ದರು, ತಪ್ಪೇನೂ ಮಾಡದೆ ಸತ್ತಿದ್ದರು, ಅದು ನನಗೆ ತಿಳಿದು ಇನ್ನೂ ಐದು ನಿಮಿಷವಾಗಿರಲಿಲ್ಲ.

ಅಣ್ಣ ಗಾಜಿನ ಬಾಗಿಲಿನ ಆಚೆ ನಿಂತಿದ್ದ. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಹೋಗು ಎನ್ನಲೂ ನನಗೆ ಬಾಯಿ ಬರಲಿಲ್ಲ.